ಮೂರನೆಯ ಪ್ರಕಟಣೆ

ಆ ಭಾನುವಾರ ಶಿಕಾರಿಪುರದ ನಮ್ಮ ಪುಟ್ಟ ಚರ್ಚಿನಲ್ಲಿ ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ೧೯೫೮ರ ಮಾತು. ಮದುವೆಗೆ ಮೊದಲು ಮೂರು ಭಾನುವಾರ ಪಾದ್ರಿ ಅಯ್ಯನವರು ಗಂಡು ಹೆಣ್ಣಿನ ಹೆಸರು ಓದಿ, "ಯಾರದಾದರೂ ಅಡ್ಡಿ ಉಂಟೇ?" ಎಂದು ಸಭೆಯನ್ನು ಕೇಳುವುದು ನಮ್ಮ ಪದ್ಧತಿ. ಅಂದು ನನ್ನ ಮದುವೆಯ ಮೂರನೆಯ ಪ್ರಕಟಣೆ.

ಗಂಡಸರ ಸಾಲಿನಲ್ಲಿ ನನಗೆ ಗೊತ್ತಾದ ಗಂಡು ದಾನಿಯೇಲ ಕೂತಿದ್ದ. ಸೊರಬದ ಆಸ್ಪತ್ರೆಯ ಕಾಂಪೌಂಡರ್. ಕೀರ್ತನೆ ಪುಸ್ತಕದ ಮೇಲಿಂದ ಕದ್ದು ನೋಡುವ ಆಸಾಮಿ. ನಾನು ನೋಡಿದರೆ ಥಟ್ಟನೆ ಪುಟ ತಿರುಗಿಸುತ್ತಿದ್ದ, ಹಾಡು ಮುಗಿದಿದ್ದರೂ.

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಂದು ಬರೀ ಭಯ.

ನನ್ನನ್ನು ಸಾಕಿದ ಯಲ್ಲಪ್ಪ ಮಾವ ಶಿರಾಳಕೊಪ್ಪದ ಹಂಚಿನ ಮನೆ ನನಗೇ ಎಂದು ಊರಿಗೆಲ್ಲ ಸಾರಿದ್ದರು. ಶನಿವಾರ ಮಾತು ಬದಲಾಯಿತು.

"ಗಿರಣಿ ಸಾಹುಕಾರನ್ನ ಮಾಡ್ಕೊಂಡ್ರೆ ಮನಿ ನಿಂದು. ಆ ಕಾಂಪೌಂಡರ್ ಬೇಕಂದ್ರೆ ಕೀಲಿ ಇಲ್ಲಿಟ್ಟು ಹೋಗು."

ಇಟ್ಟು ಬಂದೆ. "ತಂದೆಯೇ, ಇನ್ನು ನೀನೇ ನನಗೆ ಗೋಡೆ, ನೀನೇ ಹಂಚು" ಎಂದು ದಾರಿಯುದ್ದಕ್ಕೂ ಪ್ರಾರ್ಥಿಸಿದೆ. ದಾನಿಯೇಲನಿಗೆ ಇದ್ಯಾವುದೂ ಗೊತ್ತಿಲ್ಲ. ಅವನ ಅವ್ವ ಒಪ್ಪಿದ್ದು ಮನೆ ನೋಡಿ. ಅವನೂ ಮನೆಗೇ ಒಪ್ಪಿದ್ದರೆ?

"ಯಾರದಾದರೂ ಅಡ್ಡಿ ಉಂಟೇ?"

ನಾನೇ ಎದ್ದು ನಿಂತೆ. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು.

"ಅಯ್ಯಾರೇ, ನಂದೇ ಅಡ್ಡಿ. ನಂಗೆ ಮನಿ ಐತಿ ಅಂತ ತಿಳ್ಕೊಂಡು ಇವ್ರು ಒಪ್ಪ್ಯಾರೆ. ಈಗ ಮನಿ ಇಲ್ಲ. ದೇವ್ರನ್ನ ಬಿಟ್ರೆ ನಂಗೇನೂ ಇಲ್ಲ. ಬ್ಯಾಡ ಅನ್ನೋದಿದ್ರೆ ಈಗ್ಲೇ ಅನ್ಲಿ."

ದಾನಿಯೇಲ ಎದ್ದ. ಮುಖ ಬಿಳಿಚಿಕೊಂಡಿತ್ತು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಅಯ್ಯಾರೇ, ಮೂರು ವಾರದಿಂದ ನಂಗೂ ನಿದ್ದೆ ಇಲ್ಲ. ಮನೆ ಅಳಿಯ ಆಗಿ ಯಲ್ಲಪ್ಪನೋರ ಕಣ್ಣೆದುರಿಗೆ ಇರ್ಬೇಕಲ್ಲಾ ಅಂತ ಹೆದ್ರಿಕೆ. ಇವ್ರಿಗೆ ಆ ಮನೆ ಮೇಲೆ ಆಸೆ ಇದ್ಯೇನೋ ಅಂತ ಸುಮ್ನಿದ್ದೆ."

ಮೊದಲ ಸಲ ಪುಸ್ತಕದ ಮರೆಯಿಲ್ಲದೆ ನನ್ನನ್ನು ನೋಡಿದ.

"ಸೊರಬದಲ್ಲಿ ಒಂದು ಕೋಣೆ ಹಿಡಿದಿದೀನಿ. ಮಳೆ ಬಂದ್ರೆ ಸೋರುತ್ತೆ. ಬರ್ತೀರೇನ್ರೀ, ರೂತಮ್ಮಾ?"

ಹಂಚು ಬೇಡಿದವಳಿಗೆ ದೇವರು ಸೋರುವ ಮಾಡು ಕೊಟ್ಟಿದ್ದ. ನಗುವೂ ಅಳುವೂ ಒಟ್ಟಿಗೇ ಬಂದವು.

"ಪಾತ್ರೆ ಇಟ್ರಾತು ಬಿಡ್ರೀ" ಎಂದೆ.

ಅಯ್ಯನವರು ಕನ್ನಡಕ ಸರಿಮಾಡಿಕೊಂಡು, ಅಡ್ಡಿ ಇಲ್ಲ ಎಂದು ಬರೆದುಕೊಂಡರು. ಆಚೆ ಸಾಲಿನಲ್ಲಿ ದಾನಿಯೇಲ ಕೀರ್ತನೆ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ.