ದೂರು ತಡವಾದದ್ದಕ್ಕೆ ಕಾರಣ

ಜೂನ್ ಹದಿನಾಲ್ಕರ ಬೆಳಿಗ್ಗೆ 10.20ಕ್ಕೆ ತುಳಜಾಬಾಯಿ ಠಾಣೆಗೆ ಬಂದಳು. ಹದಿನೈದು ವರ್ಷದ ಮಗಳು ಶಿವಕಾಂತಾ ಕಾಣೆಯಾಗಿ ಆಗಲೇ ನಾಲ್ಕು ದಿನ. ಪಿಎಸ್‌ಐ ಜಗದೇವಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ನಾಕು ದಿನ ಏನ್ ಮಾಡಿದ್ರಿ?"

"ಮಂದಿ ಬಾಯಿಗಿ ಅಂಜಿ, ಆಳಂದಕ್ಕ ಚಿಗವ್ವನ ಮನೀಗಿ ಹೋಗ್ಯಾಳಂತ ಹೇಳ್ಕೋತ ಬಂದೇನ್ರಿ ಸಾಹೇಬ್ರ."

ಎಫ್‌ಐಆರ್‌ನ 'ದೂರು ತಡವಾದದ್ದಕ್ಕೆ ಕಾರಣ' ಎಂಬ ಕಾಲಮ್ಮಿನಲ್ಲಿ 'ಮರ್ಯಾದೆಗೆ ಅಂಜಿ' ಎಂದು ಬರೆಸಿ, ಪೇದೆ ನದೀಮನೊಂದಿಗೆ ಊರಿಗೆ ಹೊರಟ.

12.05ಕ್ಕೆ ಮನೆಯ ಪಂಚನಾಮೆ. ಗೂಟದಲ್ಲಿ ಶಾಲೆಯ ಚೀಲ ಧೂಳು ಹಿಡಿದಿತ್ತು. ಊರಲ್ಲಿ ಏಳನೆಯವರೆಗಷ್ಟೇ ಶಾಲೆ. ಎಂಟನೆಯದಕ್ಕೆ ಹೆಣ್ಣುಮಗುವನ್ನು ಆರು ಕಿಲೋಮೀಟರ್ ಒಂಟಿಯಾಗಿ ನಡೆಸುವ ಧೈರ್ಯ ಯಾವ ತಾಯಿಗಿದೆ? ಎರಡು ವರ್ಷದಿಂದ ಹುಡುಗಿ ನಾಲ್ಕು ಗೋಡೆಯೊಳಗೇ ಇದ್ದಳು. ಬಟ್ಟೆಬರೆ ಎಲ್ಲ ಇದ್ದವು, ಆಧಾರ್ ಕಾರ್ಡ್ ಮಾತ್ರ ಇರಲಿಲ್ಲ.

"ಕಾರ್ಡ್ ಯಾರು ಕೇಳಿದ್ರು?"

"ಸಾಲ್ಯಾಗ ಬಿಸಿಯೂಟ ಮಾಡೋ ನಿಂಬೆವ್ವರಿ. ಜೇವರ್ಗ್ಯಾಗ ಹೊಲಿಗಿ ಕಲಸ್ತಾರ, ಹೆಸರು ಬರಸ್ತೇನಿ ಅಂದ್ಳು."

ನಿಂಬೆವ್ವ ಶಾಲೆಯ ಅಡುಗೆಕೋಣೆಯಲ್ಲಿ ಬೇಳೆ ಆರಿಸುತ್ತಿದ್ದಳು. ಯಾವ ಹುಡುಗಿ ಶಾಲೆ ಬಿಟ್ಟಳೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ದಿನಾ ತಟ್ಟೆ ಹಾಕುವವಳು ಅವಳೇ. ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು.

"ಹುಡುಗಿನ್ನ ಎಲ್ಲಿಗಿ ಕಳಸಿದಿ?"

"ರೈಲು ಹತ್ತಿಸಿದೆ. ಯಾವೂರಿಗಿ ಅಂತ ಗೊತ್ತಿಲ್ರಿ."

"ಯಾರ ಕೂಡ?"

"ನನ್ನ ಮಗಳು ಸುವರ್ಣಾನ್ನ ಒಯ್ದಾವನ ಕೂಡ. ಇನ್ನೊಬ್ಬಾಕಿನ್ನ ತಂದುಕೊಟ್ರ ನಿನ್ನ ಮಗಳನ್ನ ತಿರುಗಿ ಕಳಸ್ತೇನಂದ."

"ಕಳಸ್ಯಾನೇನು?"

"ಫೋನ್ ಬಂದ್ ಅದರಿ."

"ಮಗಳು ಹೋದಾಗ ಠಾಣೆಗಿ ಬರಬೇಕೊ ಬ್ಯಾಡೊ?"

ನಿಂಬೆವ್ವ ಉಪ್ಪಿನ ಡಬ್ಬಿಯ ಹಿಂದಿನಿಂದ ಮಡಿಸಿದ ಕಾಗದವೊಂದನ್ನು ತೆಗೆದುಕೊಟ್ಟಳು. ಮೂರು ವರ್ಷದ ಹಿಂದೆ ಠಾಣೆಯಿಂದ ಕೊಟ್ಟ ಹಿಂಬರಹ: 'ಅರ್ಜಿದಾರಳ ಮಗಳು ಸ್ವಇಚ್ಛೆಯಿಂದ ಹೋಗಿರುವಂತೆ ಕಂಡುಬರುವುದರಿಂದ, ಸಂಬಂಧಿಕರಲ್ಲಿ ವಿಚಾರಿಸಲು ತಿಳಿಸಿ ಅರ್ಜಿ ಮುಕ್ತಾಯಗೊಳಿಸಿದೆ.' ಕೆಳಗಿನ ಸಹಿ ಜಗದೇವಪ್ಪನದೇ.

"ಮೂರು ಸಲ ಬಂದಿದ್ದೆರಿ," ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಜಗದೇವಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.

ಸಂಜೆ 4.10ಕ್ಕೆ ನಿಂಬೆವ್ವಳ ಬಂಧನವಾಯಿತು. ಹುಡುಗಿಯರನ್ನು ಒಯ್ದವನ ಫೋನ್ ನಂಬರ್ ಸುತ್ತಲ ಠಾಣೆಗಳಿಗೆಲ್ಲ ಹೋಯಿತು, ಎಲ್ಲಿಂದಲೂ ಸುಳಿವಿಲ್ಲ. ತುಳಜಾಬಾಯಿ ಠಾಣೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ. ಜಗದೇವಪ್ಪ ಒಳಗೆ ಕುಳಿತ.

ಇನ್ನೊಂದು ಎಫ್‌ಐಆರ್ ತಾನೇ ಬರೆಯತೊಡಗಿದ. ಕಾಣೆಯಾದವಳು ಸುವರ್ಣಾ, ಆಗ ಹದಿನಾರು ವರ್ಷ. ಬದುಕಿದ್ದರೆ ಈಗ ಹತ್ತೊಂಬತ್ತು. ಕೊನೆಗೆ ತಡದ ಕಾಲಮ್ಮಿಗೆ ಬಂದ. 'ದೂರುದಾರಳು ತಡಮಾಡಿಲ್ಲ' ಎಂದು ಬರೆದು, ಕೆಳಗೆ ಅದೇ ಸಹಿ ಹಾಕಿದ.