ಔಷಧಿ ಹಾಕದ ಪ್ಲೇಟು

"ಕೈ ತೆಗೀರಿ! ಮೊದಲು ಆ ಕೈ ಹೊರಗೆ ತೆಗೀರಿ!"

ಲ್ಯಾಬಿನ ಬಾಗಿಲಲ್ಲೇ ನಿಂತು ಅವಳು ಕೂಗಿದ ರಭಸಕ್ಕೆ, ಪಕ್ಕದ ಕೋಣೆಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಕಪ್ಪು ಹಿಡಿದೇ ಎದ್ದು ಬಂದರು.

ಯಾರೋ ಅಪರಿಚಿತ! ಅವಳ ಇನ್‌ಕ್ಯುಬೇಟರಿನ ಬಾಗಿಲು ತೆಗೆದು, ಎರಡೂ ಕೈಗಳನ್ನು ಮೊಣಕೈವರೆಗೆ ಒಳಗೆ ಹಾಕಿಕೊಂಡು ನಿಂತಿದ್ದಾನೆ. ಮೂರು ವರ್ಷದಿಂದ ಅವಳು ಹೆತ್ತ ಮಕ್ಕಳಂತೆ ಸಾಕಿದ ಜೀವಕೋಶಗಳು ಚಿಕ್ಕ ಪ್ಲಾಸ್ಟಿಕ್ ಪ್ಲೇಟುಗಳಲ್ಲಿ, ಆ ಪೆಟ್ಟಿಗೆಯ ಬೆಚ್ಚನೆಯ ಗಾಳಿಯಲ್ಲಿವೆ. ಅದರ ಬಾಗಿಲು ಅರ್ಧ ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಅವಳಿಗೆ ಉಸಿರು ಕಟ್ಟುತ್ತದೆ.

ಅವನು ತಿರುಗಿ ನೋಡಿದ. ಗಾಬರಿಯೇನೂ ಇರಲಿಲ್ಲ ಮುಖದಲ್ಲಿ.

"ತೆಗೀಬಹುದು ಮೇಡಂ. ಆದ್ರೆ ಮೇಲಿನ ಶೆಲ್ಫ್ ಜಾರಿದೆ, ಅದನ್ನ ಹಿಡ್ಕೊಂಡು ನಿಂತಿದ್ದೀನಿ. ನಾನು ಕೈ ತೆಗೆದ್ರೆ ನಿಮ್ಮ ಪ್ಲೇಟುಗಳೆಲ್ಲ ಕೆಳಗೆ. ಹೇಳಿ... ಬೀಳಿಸಲಾ, ಹಿಡಿದಿರಲಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳು ಓಡಿ ಬಂದು, ಅವನ ಕೈಯ ಪಕ್ಕಕ್ಕೇ ತನ್ನ ಕೈ ತೂರಿಸಿ, ಶೆಲ್ಫನ್ನು ಎತ್ತಿ ಹಳಿಗೆ ಕೂರಿಸಿದಳು. ಇಬ್ಬರ ಭುಜಗಳೂ ತಾಗಿಕೊಂಡಿದ್ದವು. ಒಂದು ಪ್ಲೇಟೂ ಅಲುಗಲಿಲ್ಲ.

"ಯಾರು ನೀವು?"

"ಜೀವಕೋಶ ನೋಡ್ಕೊಳ್ಳೋ ಕೆಲಸಕ್ಕೆ ಇವತ್ತಿನಿಂದ ಸೇರಿದ್ದೀನಿ. ಹೊಸಬ."

ಆ ಹೆಸರೇ ಅವನಿಗೆ ಉಳಿಯಿತು. ತಿಂಗಳು ಕಳೆದರೂ ಲ್ಯಾಬಿನಲ್ಲಿ ಅವನು ಹೊಸಬ. ಅವಳಿಗಂತೂ ಮೊದಲೇ ಹೆಸರಿಟ್ಟಿದ್ದರು, 'ಟೈಮರ್' ಎಂದು. ಕುತ್ತಿಗೆಗೆ ಯಾವಾಗಲೂ ಒಂದು ಟೈಮರ್ ನೇತಾಡುತ್ತಿತ್ತು, ಅದಕ್ಕೆ. ಹೆಸರಿಟ್ಟವರು ಅದನ್ನು ಅವಳ ಬೆನ್ನ ಹಿಂದೆಯೇ ಹೇಳುತ್ತಿದ್ದರು. ಜಾಣರು!

ಹೊಸಬನಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಬೆಳಿಗ್ಗೆ ಬಂದವನೇ ಇನ್‌ಕ್ಯುಬೇಟರಿನ ಗಾಜಿಗೆ ಮುಖವಿಟ್ಟು, "ಹೇಗಿದ್ದೀರಪ್ಪಾ ಎಲ್ರೂ? ನಿದ್ದೆ ಬಂತಾ?" ಎಂದು ಕೇಳುತ್ತಿದ್ದ. ಉತ್ತರ ಬಂದಂತೆ ತಲೆಯಾಡಿಸಿ, ಕೈಗವಸು ಹಾಕಿಕೊಂಡು ಕೆಲಸ ಶುರು ಮಾಡುತ್ತಿದ್ದ.

ಮೊದಲ ವಾರ ಅವಳಿಗೆ ಇದು ಹುಚ್ಚಾಟವೆನಿಸಿತು. ಎರಡನೆಯ ವಾರ ನಗು ಬಂತು. ಮೂರನೆಯ ವಾರದಿಂದ ಅವಳು ಅರ್ಧ ಗಂಟೆ ಮುಂಚೆಯೇ ಬರತೊಡಗಿದಳು. 'ಕೆಲಸ ಜಾಸ್ತಿ ಇದೆ' ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿದಳೋ ಇಲ್ಲವೋ, ಆ ವಿಷಯ ಬೇಡ.

ಅವನ ಪ್ರಶ್ನೆಗಳೋ... ಅವು ಇನ್ನೂ ಚಂದ.

"ಮೇಡಂ, ನಮ್ಮ ಮೈಯ ಪ್ರತಿ ಜೀವಕೋಶದಲ್ಲೂ ಎಲ್ಲಾ ಜೀನ್‌ಗಳೂ ಇರುತ್ತವೆ ಅಂತೀರಿ. ಹಾಗಿದ್ರೆ ಕಣ್ಣಲ್ಲಿ ಹಲ್ಲು ಯಾಕೆ ಬೆಳೆಯಲ್ಲ?"

ಅವಳು ಬಾಯಿಗಿಟ್ಟ ಟೀಯನ್ನು ಹಾಗೇ ಹಿಡಿದು ನಕ್ಕುಬಿಟ್ಟಳು.

"ಇರೋದು ಬೇರೆ, ಓದೋದು ಬೇರೆ. ಎಲ್ಲಾ ಕೋಶದಲ್ಲೂ ಅದೇ ದೊಡ್ಡ ಪುಸ್ತಕ ಇದೆ. ಕಣ್ಣಿನ ಕೋಶ ತನಗೆ ಬೇಕಾದ ಪುಟ ಮಾತ್ರ ಓದುತ್ತೆ. ಬೇರೆ ಪುಟಗಳಿಗೆ ಬೀಗ."

"ಬೀಗ ಹಾಕೋದು ಯಾರು?"

"ಅದನ್ನ ಹುಡುಕೋದೇ ನನ್ನ ಕೆಲಸ. ನೋಡಿ, ನಮ್ಮ ಕೋಶಗಳಲ್ಲಿ ಒಂದು ಜೀನ್ ಇದೆ. ಅದನ್ನ ಕೋಶ ಓದಿದ್ರೆ ಹಸಿರಾಗಿ ಹೊಳೆಯುತ್ತೆ. ಅದರ ಮುಂದೆ ನಾನು ಒಂದು ಸ್ವಿಚ್ ಕೂರಿಸಿದ್ದೀನಿ. ಒಂದು ಆಂಟಿಬಯಾಟಿಕ್ ಔಷಧಿ ಹಾಕಿದ್ರೆ ಸ್ವಿಚ್ ಆನ್. ಹಾಕದಿದ್ರೆ ಆಫ್, ಕತ್ತಲೆ. ಔಷಧಿ ಹಾಕದ ಪ್ಲೇಟು ಯಾವತ್ತೂ ಹೊಳೀಬಾರದು. ಹೊಳೆದ್ರೆ, ಉಳಿದ ಯಾವ ಪ್ಲೇಟನ್ನೂ ನಂಬೋ ಹಾಗಿಲ್ಲ."

ಅವನು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದ. ಇಷ್ಟು ಗಮನವಿಟ್ಟು ತನ್ನ ಮಾತನ್ನು ಕೇಳಿದವರು ಯಾರೂ ನೆನಪಿಗೆ ಬರಲಿಲ್ಲ ಅವಳಿಗೆ.

ಹೀಗೇ ನಾಲ್ಕು ತಿಂಗಳು ಕಳೆದವು.

ಆಮೇಲೆ ಬಂತು ಆ ಶುಕ್ರವಾರ.

ಪ್ರತಿ ಶುಕ್ರವಾರ ಹತ್ತು ಗಂಟೆಗೆ ಲ್ಯಾಬಿನ ಎಂಟೂ ಜನ ಮೀಟಿಂಗಿಗೆ ಕೂರುತ್ತಿದ್ದರು. ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ 'ದೊಡ್ಡ ಮೇಡಂ' ಎನ್ನುತ್ತಿದ್ದರು. ಅವರು ಜೋರಾಗಿ ಮಾತಾಡಿದವರಲ್ಲ, ಆದರೂ ಎಲ್ಲರಿಗೂ ಭಯ. ಆ ದಿನ ಅವಳು ಪರದೆಯ ಮೇಲೆ ಹಾಕಿದ ಚಿತ್ರ ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ಔಷಧಿ ಹಾಕದ ಪ್ಲೇಟಲ್ವಾ?"

"ಹೌದು ಮೇಡಂ."

"ಹೊಳೀತಿದೆಯಲ್ಲ."

ಕೋಣೆ ತಣ್ಣಗಾಯಿತು. ಮುಂದಿನ ತಿಂಗಳು ವರದಿ ಕಳಿಸಬೇಕು. ಎಲ್ಲರ ಕಣ್ಣೂ ಅವಳ ಮೇಲೆ. ಅವಳ ಕಿವಿ ಬಿಸಿಯಾಯಿತು. ಯೋಚಿಸಲೂ ಇಲ್ಲ, ಸರಕ್ಕನೆ ಅವನತ್ತ ತಿರುಗಿದಳು.

"ಈ ಪ್ಲೇಟುಗಳಿಗೆ ಔಷಧಿ ಹಾಕಿದ್ದು ನೀವೇ ಅಲ್ವಾ? ಹಾಕಬಾರದ್ದಕ್ಕೂ ಹಾಕಿದ್ದೀರಿ! ಕೋಶಗಳ ಜೊತೆ ಹರಟೆ ಹೊಡೆಯೋಕೆ ಟೈಮ್ ಇರುತ್ತೆ, ಕಣ್ಣುಬಿಟ್ಟು ಕೆಲಸ ಮಾಡೋಕೆ ಇರಲ್ವಾ?"

ಅವನ ಮುಖ ಬಿಳಿಚಿಕೊಂಡಿತು.

"ಸರಿಯಾಗೇ ಹಾಕಿದ್ದ ನೆನಪು... ಆದ್ರೆ ನೀವು ಹೇಳ್ತಿದ್ದೀರಿ ಅಂದ್ರೆ, ನಾನೇ ತಪ್ಪು ಮಾಡಿರಬಹುದು."

ಅಷ್ಟೇ. ಜಗಳವಿಲ್ಲ, ವಾದವಿಲ್ಲ. ಸೋಮವಾರ ಅವಳು ಬಂದಾಗ ಅವನ ಕೋಟು ಗೂಟದಲ್ಲಿರಲಿಲ್ಲ. ಮೇಲಿನ ಮಹಡಿಯಲ್ಲಿ ಪ್ರಯೋಗಕ್ಕೆಂದು ಮೀನು ಸಾಕುವ ಕೋಣೆಗೆ ತಾನಾಗಿ ಕೇಳಿ ಹೋಗಿದ್ದಾನೆ ಎಂದರು ಯಾರೋ. ಜೀವಕೋಶದ ಕೆಲಸ ಇನ್ನು ಮುಟ್ಟುವುದಿಲ್ಲ ಎಂದನಂತೆ.

'ಹೋದರೆ ಹೋಗಲಿ' ಎಂದುಕೊಂಡಳು.

ಆ ದಿನ ಎಲ್ಲಾ ಪ್ಲೇಟುಗಳನ್ನೂ ತನ್ನ ಕೈಯಾರೆ ಮಾಡಿದಳು. ಒಂದೊಂದಕ್ಕೂ ಎರಡು ಸಲ ನೋಡಿ, ಗುರುತು ಹಾಕಿ ಇಟ್ಟಳು. ಬುಧವಾರ ಮಧ್ಯಾಹ್ನ ಸೂಕ್ಷ್ಮದರ್ಶಕದ ಕೋಣೆಯ ಪರದೆ ಎಳೆದು, ಔಷಧಿ ಹಾಕದ ಪ್ಲೇಟಿಗೆ ಕಣ್ಣಿಟ್ಟಳು.

ಹಸಿರು!

ಕಣ್ಣುಜ್ಜಿ ಮತ್ತೆ ನೋಡಿದಳು. ಹಸಿರೇ.

'ಇದನ್ನು ಮುಟ್ಟಿದವಳು ನಾನೊಬ್ಬಳೇ... ಹಾಗಾದರೆ ಅವನು?'

ಕುರ್ಚಿಯಲ್ಲಿ ಕೂತು, ತಾನು ಬಳಸಿದ ಪ್ರತಿಯೊಂದನ್ನೂ ಕಾಗದದ ಮೇಲೆ ಬರೆದಳು. ಎಲ್ಲವೂ ಹಳೆಯವು, ಒಂದನ್ನು ಬಿಟ್ಟು. ಕೋಶಗಳ ಆಹಾರಕ್ಕೆ ಬೆರೆಸುವ ಸೀರಮ್. ಕರುಗಳ ರಕ್ತದಿಂದ ತೆಗೆದದ್ದು. ಮೂರು ವಾರದ ಹಿಂದೆ ಹೊಸ ಬಾಟಲಿ ತೆರೆದಿದ್ದಳು, ತಾನೇ.

ಫ್ರಿಜ್ಜಿಗೆ ಓಡಿದಳು. ಹಳೆಯ ಬಾಟಲಿಯಂತೆಯೇ ಕೆಂಪು ಮುಚ್ಚಳ, ಅದೇ ಗಾತ್ರ. ಲೇಬಲ್ಲಿನ ಕೊನೆಯಲ್ಲಿ ಮಾತ್ರ ಒಂದು ಸಣ್ಣ ಸಾಲು ಇರಲಿಲ್ಲ. ಆ ಆಂಟಿಬಯಾಟಿಕ್ ಇಲ್ಲವೆಂದು ಪರೀಕ್ಷಿಸಲಾಗಿದೆ ಎನ್ನುವ ಸಾಲು! ಜಾನುವಾರುಗಳಿಗೆ ಅದೇ ಔಷಧಿ ಕೊಟ್ಟಿದ್ದರೆ ಅದರ ಅಂಶ ಸೀರಮ್ಮಿನಲ್ಲೂ ಉಳಿಯಬಹುದು. ಯಾರೂ ಹಾಕದೆಯೇ ಔಷಧಿ ಒಳಗೆ ಬಂದು ಸ್ವಿಚ್ ಒತ್ತುತ್ತಿತ್ತು. ಫ್ರಿಜ್ಜಿನ ಬಾಗಿಲ ಮೇಲೆ 'ಲೇಬಲ್ ಓದದೆ ಬಾಟಲಿ ಮುಟ್ಟಬೇಡಿ' ಎಂಬ ಚೀಟಿ ಇತ್ತು. ಅಂಟಿಸಿದವಳೂ ಅವಳೇ.

ಸಂಜೆ ಮನೆಯಲ್ಲಿ ಅಪ್ಪ ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಈರುಳ್ಳಿ ಹೆಚ್ಚುತ್ತಿದ್ದರು. ಮೂವತ್ತೆರಡು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಮಗಳ ಮುಖ ನೋಡಿಯೇ ಚಾಕು ಕೆಳಗಿಟ್ಟರು.

"ಈರುಳ್ಳಿ ಹೆಚ್ಚೋನು ನಾನು. ಕಣ್ಣು ಯಾಕಮ್ಮ ನಿಂದು ಕೆಂಪಗಿದೆ?"

ಅವಳು ಎಲ್ಲವನ್ನೂ ಹೇಳಿದಳು. ಶುಕ್ರವಾರದ ಮಾತು, ಹಸಿರು ಪ್ಲೇಟು, ಬಾಟಲಿ.

"ಆ ಹುಡುಗನಿಗೆ ಹೇಳಿದೆಯಾ?"

"ಇಲ್ಲಪ್ಪ. ಫ್ರೀಜರಿನಲ್ಲಿ ಹಳೇ ಸೀರಮ್ ಸ್ವಲ್ಪ ಉಳಿದಿದೆ. ಹಳೇದು, ಹೊಸದು ಎರಡರಲ್ಲೂ ಕೋಶ ಬೆಳೆಸಿ ನೋಡ್ತೀನಿ. ಪ್ರೂಫ್ ಸಿಗೋಕೆ ಎರಡು ದಿನ ಬೇಕು. ಅದು ಕೈಗೆ ಬಂದ ಮೇಲೆ..."

"ಎರಡು ದಿನ?" ಅಪ್ಪ ಅವಳನ್ನೇ ನೋಡಿದರು. "ಅವನ ಮೇಲೆ ತಪ್ಪು ಹೊರಿಸೋಕೆ ಎಷ್ಟು ದಿನ ತಗೊಂಡೆ?"

ಅವಳು ಒಂದು ನಿಮಿಷವನ್ನೂ ತೆಗೆದುಕೊಂಡಿರಲಿಲ್ಲ.

"ಅವನನ್ನ ಒಬ್ಬನನ್ನೇ ಕರೆದು ಕ್ಷಮೆ ಕೇಳಲಾ ಅಪ್ಪ?"

"ಬೈದಿದ್ದು ಎಲ್ರೆದುರಿಗೆ. ಕ್ಷಮೆ ಮಾತ್ರ ಮೂಲೆಯಲ್ಲಾ?" ಅಪ್ಪ ಮತ್ತೆ ಚಾಕು ಎತ್ತಿಕೊಂಡರು. ಆಮೇಲೆ ಮೆಲ್ಲಗೆ, "ನಾಲ್ಕು ತಿಂಗಳಿಂದ ಊಟಕ್ಕೆ ಕೂತ್ರೆ ಅವನದೇ ಸುದ್ದಿ. ಈ ವಾರ ಒಂದು ಮಾತೂ ಇಲ್ಲ. ನಾನೇನು ಕಿವುಡನಾ ಮಗಳೇ?" ಎಂದರು.

ಅವಳು ಅಪ್ಪನ ಭುಜಕ್ಕೆ ಹಣೆಯಿಟ್ಟು ಅತ್ತುಬಿಟ್ಟಳು.

ಗುರುವಾರ ಬೆಳಿಗ್ಗೆ ಎರಡೂ ಸೀರಮ್ಮಿನ ಪ್ಲೇಟುಗಳನ್ನು ಇಟ್ಟು, ಮಧ್ಯಾಹ್ನ ಮೆಟ್ಟಿಲು ಹತ್ತಿದಳು. ಮೀನಿನ ಕೋಣೆಯಲ್ಲಿ ಸಾಲುಸಾಲು ಗಾಜಿನ ತೊಟ್ಟಿಗಳು, ನೀರು ಹರಿಯುವ ಸದ್ದು. ಅವನು ಚಮಚದಲ್ಲಿ ಆಹಾರ ಅಳೆದು ಹಾಕುತ್ತಿದ್ದ. ಮೀನುಗಳ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ.

"ನಾಳೆ ಹತ್ತು ಗಂಟೆಗೆ ಮೀಟಿಂಗಿಗೆ ಬರಬೇಕು ನೀವು."

ಅವನು ತೊಟ್ಟಿಯಿಂದ ಕಣ್ಣೆತ್ತಲಿಲ್ಲ. "ಯಾಕೆ ಮೇಡಂ, ಇನ್ನೂ ಬೈಯೋದು ಬಾಕಿ ಇದೆಯಾ?"

"ಇದೆ. ಆದ್ರೆ ನಿಮಗಲ್ಲ. ದಯವಿಟ್ಟು ಬನ್ನಿ..."

ಅವನು ಮುಂದಿನ ತೊಟ್ಟಿಗೆ ಆಹಾರ ಅಳೆಯತೊಡಗಿದ.

ಶುಕ್ರವಾರ ಹತ್ತಕ್ಕೆ ಅವನ ಕುರ್ಚಿ ಖಾಲಿಯಿತ್ತು. ಹತ್ತೂವರೆಗೆ ಮಾತಾಡುವ ಸರದಿ ಅವಳದು. ಎದ್ದು ನಿಂತಾಗ ಬಾಗಿಲ ಬಳಿ ಅವನು ಕಂಡ, ಒಳಗೆ ಬರದೆ ಚೌಕಟ್ಟಿಗೆ ಒರಗಿ ನಿಂತಿದ್ದ.

"ಹೋದ ವಾರ ಇಲ್ಲೇ ನಿಂತು ಒಬ್ಬರನ್ನ ಬೈದೆ. ತಪ್ಪು ಅವರದ್ದಲ್ಲ, ನನ್ನದು. ಲೇಬಲ್ ಓದದೆ ಸೀರಮ್ ಬಾಟಲಿ ತೆರೆದೆ. ಔಷಧಿ ಹಾಕದ ಪ್ಲೇಟು ಹೊಳೆಯೋದೇ ಇಲ್ಲ ಅನ್ನೋ ಸೊಕ್ಕಿನಲ್ಲಿ ಎರಡು ವಾರ ಅದನ್ನ ನೋಡಲೂ ಇಲ್ಲ. ಮೂರು ವಾರದ ಕೆಲಸ ಕಸದ ಬುಟ್ಟಿಗೆ ಹೋಗ್ಬೇಕು. ವರದಿಗೆ ಅಂತ ಕೊಟ್ಟ ಗ್ರಾಫ್ ಕೂಡ."

ದೊಡ್ಡ ಮೇಡಂ ಪೆನ್ನು ಕೆಳಗಿಟ್ಟರು. "ಪ್ರೂಫ್ ಇದೆಯಾ?"

"ನಾಳೆ ಸಿಗುತ್ತೆ ಮೇಡಂ. ಕ್ಷಮೆ ಕೇಳೋಕೆ ಅಲ್ಲಿವರೆಗೂ ಕಾಯೋದು ಬೇಡ ಅನ್ನಿಸ್ತು." ಅವಳು ಬಾಗಿಲತ್ತ ತಿರುಗಿದಳು. "ನಿಮ್ಮ ಕೈ ಸರಿಯಾಗೇ ಇತ್ತು. ನಿಮ್ಮ ನೆನಪೂ ಸರಿಯಾಗೇ ಇತ್ತು. ನನ್ನನ್ನ ಕ್ಷಮಿಸಿ."

ಅವನು ತಿರುಗಿ ಹೊರಟುಹೋದ.

"ವರದಿ ತಡವಾಗುತ್ತೆ ಅಂತ ಬರೀತೀನಿ," ಎಂದರು ದೊಡ್ಡ ಮೇಡಂ. "ಕೂತ್ಕೋಮ್ಮ."

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಶನಿವಾರ ಮಧ್ಯಾಹ್ನ ಪ್ಲೇಟುಗಳನ್ನು ಹಿಡಿದು ಸೂಕ್ಷ್ಮದರ್ಶಕದ ಕೋಣೆಗೆ ಹೋದಾಗ, ಅಲ್ಲಿ ಒಂದು ಸ್ಟೂಲಿನ ಮೇಲೆ ಅವನು ಕೂತಿದ್ದ!

"ನಾನೂ ನೋಡ್ಬಹುದಾ?"

"ನೀವೇ ಮೊದಲು ನೋಡಿ," ಎಂದಳು.

ಅವನು ಕಣ್ಣಿಟ್ಟ. "ಹಳೇದರಲ್ಲಿ ಕತ್ತಲೆ."

"ಹೊಸದು?"

ಪ್ಲೇಟು ಬದಲಿಸಿ ತುಂಬಾ ಹೊತ್ತು ನೋಡಿದ. "ಹಸಿರು."

ಅವನು ದೀರ್ಘವಾಗಿ ಉಸಿರು ಬಿಟ್ಟ. "ಹಾಗಾದ್ರೆ ನಾನು ಮಾಡಿರಲಿಲ್ಲ... ಎಂಟು ದಿನದಿಂದ ಆ ಬೆಳಿಗ್ಗೆ ಯಾವ ಪ್ಲೇಟಿಗೆ ಏನು ಹಾಕಿದೆ ಅಂತ ನೆನಪು ಮಾಡ್ಕೊಂಡು ಮಾಡ್ಕೊಂಡು ತಲೆ ಕೆಟ್ಟುಹೋಗಿತ್ತು. ನಿನ್ನೆ ಅಲ್ಲೇ ನಿಂತಿದ್ರೆ ಅಳು ಬಂದುಬಿಡ್ತಿತ್ತು, ಅದಕ್ಕೇ ಹೋದೆ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈಗವಸು ಅಡ್ಡ ಬಂತು.

"ವಾಪಸ್ ಬನ್ನಿ. ಲ್ಯಾಬಿಗೆ ಬೇಕು ಅಂತಲ್ಲ... ನನಗೆ ಬೇಕು. ನೀವಿಲ್ಲದೆ ಬೆಳಿಗ್ಗೆ ಬರೋಕೇ ಮನಸ್ಸಾಗ್ತಿಲ್ಲ. ನಿಮ್ಮನ್ನ ಪ್ರೀತಿಸ್ತೀನಿ ಅಂತ ಗೊತ್ತಾಗೋಕೆ ನಿಮ್ಮನ್ನ ನೋಯಿಸಬೇಕಾಯ್ತು. ಎಂಥಾ ದಡ್ಡಿ ನಾನು!"

ಅವನು ಸೂಕ್ಷ್ಮದರ್ಶಕದ ದೀಪ ಆರಿಸಿದ.

"ನಾನು ವಾಪಸ್ ಬರಲ್ಲ."

ಅವಳು ತಲೆ ತಗ್ಗಿಸಿದಳು. 'ಸರಿಯೇ... ಯಾವ ಮುಖದಿಂದ ಕೇಳಿದೆ ನಾನು?'

"ನೀವು ಹೇಳಿದ್ದನ್ನ ನಾನು ನನ್ನ ನೆನಪಿಗಿಂತ ಜಾಸ್ತಿ ನಂಬಿಬಿಟ್ಟೆ. ಅಷ್ಟು ಇಷ್ಟಪಟ್ಟುಬಿಟ್ಟಿದ್ದೆ ನಿಮ್ಮನ್ನ. ಮೊದಲ ದಿನ ನೀವು ಕೂಗಿದಾಗಿನಿಂದ." ಅವನು ಆ ದಿನ ಮೊದಲ ಬಾರಿಗೆ ನಕ್ಕ. "ಆದ್ರೆ ಅದು ಒಳ್ಳೇದಲ್ಲ. ನೀವು ತಪ್ಪು ಮಾಡಿದಾಗ ತಪ್ಪು ಅಂತ ಹೇಳೋ ಹಾಗಿರಬೇಕು ನಾನು. ನಿಮ್ಮ ಕೈಕೆಳಗೆ ಕೆಲಸ ಮಾಡ್ಕೊಂಡು ಅದು ನನ್ನಿಂದ ಆಗಲ್ಲ. ಮೇಲಿನ ಮಹಡಿಯಿಂದ ಇಳಿದು ಬಂದು ಹೇಳ್ತೀನಿ. ದಿನಾ."

"ದಿನಾ ಹೇಳೋಷ್ಟು ತಪ್ಪು ಮಾಡ್ತೀನಾ ನಾನು?"

"ಮಾಡದ ದಿನ ಸುಮ್ನೆ ನೋಡೋಕೆ ಬರ್ತೀನಿ."

ಅಳುತ್ತಿದ್ದವಳು ನಕ್ಕುಬಿಟ್ಟಳು. ಅವನು ಅವಳ ಕೈಗವಸನ್ನು ಬೆರಳು ಬೆರಳಾಗಿ ಬಿಡಿಸಿ ತೆಗೆದು, ಬರಿಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ನಾಳೆ ಬರ್ತೀರಾ?" ಎಂದಳು ಮೆಲ್ಲಗೆ.

"ನಾಳೆ ಭಾನುವಾರ. ಲ್ಯಾಬ್ ಇರಲ್ವಲ್ಲ."

"ಮನೆ ಇರುತ್ತೆ. ಅಪ್ಪ ಇರ್ತಾರೆ. ನಾನೂ ಇರ್ತೀನಿ."

ಅವನು ಅವಳ ಕೈ ಬಿಡಲಿಲ್ಲ.

"ಎಷ್ಟು ಗಂಟೆಗೆ ಬರಲಿ?"