ನಾಲ್ಕು ಬೆರಳು ಮುಂದೆ

"ಸಾರ್‌ನ ಒಂದ್ಸಲ ಕರ್ಕೊಂಡ್ ಬನ್ನಿ ಮೇಡಂ," ಎಂದ ಕುಮಾರೇಶ್. "ಅವರು ಕೂತ್ರೆ ತಾನೆ ಅವರ ಅಳತೆ ಗೊತ್ತಾಗೋದು."

ಅವನು ಆಗ ನನ್ನ ಕಾರಿನ ಡ್ರೈವರ್ ಸೀಟಿನ ಕೆಳಗೆ ತಲೆಯಿಟ್ಟಿದ್ದ. ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಅವರು ಊರಲ್ಲಿಲ್ಲ ಎಂದೆ. ಯಾವಾಗ ಬರುತ್ತಾರೆಂದು ಕೇಳಿದ. ಗೊತ್ತಿಲ್ಲ ಎಂದೆ. ಎರಡರಲ್ಲಿ ಒಂದು ಮಾತ್ರ ಸುಳ್ಳು.

ಹೊಸೂರಿನಿಂದ ಸೂಳಗಿರಿಗೆ ದಿನವೂ ಈ ಕಾರಿನಲ್ಲೇ ಹೋಗುತ್ತೇನೆ. ಅಲ್ಲಿ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವ ಕೆಲಸ. ಕಾರು ನನ್ನ ಮೈಗೆ ದೊಡ್ಡದು. ನನ್ನ ಗಂಡ ಅನಿರುದ್ಧ ಅದನ್ನು ೨೦೦೪ರಲ್ಲಿ, ತನ್ನ ದೇಶಕ್ಕೆ ವಾಪಸು ಹೊರಟಿದ್ದ ಒಬ್ಬ ಮ್ಯಾನೇಜರನಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಡ್ರೈವರ್ ಬಾಗಿಲಿನಲ್ಲಿ ಮೂರು ಬಟನ್. ಒಂದನ್ನು ಒತ್ತಿದರೆ ಸೀಟು ತಾನೇ ಸರಿದು ಅವರ ಅಳತೆಗೆ ನಿಲ್ಲುತ್ತಿತ್ತು. ಎರಡನ್ನು ಒತ್ತಿದರೆ ನನ್ನ ಅಳತೆಗೆ. ಮೂರನೆಯದನ್ನು ಯಾರಿಗೂ ಕೊಟ್ಟಿರಲಿಲ್ಲ.

೨೦೦೬ರ ಮಾರ್ಚಿನಲ್ಲಿ ಜ್ವರವೆಂದು ಆಸ್ಪತ್ರೆಗೆ ಸೇರಿದರು. ಒಂಬತ್ತು ದಿನ. ಅಷ್ಟೇ.

ಆಮೇಲೆ ಕಾರನ್ನು ನಾನೊಬ್ಬಳೇ ಓಡಿಸತೊಡಗಿದೆ. ಬೆಳಿಗ್ಗೆ ಹೊರಡುವ ಮೊದಲು ಒಂದನ್ನು ಒತ್ತುತ್ತಿದ್ದೆ. ಸೀಟು ನನ್ನನ್ನು ಹೊತ್ತುಕೊಂಡು ಹಿಂದೆ ಹೋಗುತ್ತಿತ್ತು. ಕಾಲು ಪೆಡಲಿಗೆ ಎಟುಕದ ಆ ಜಾಗದಲ್ಲಿ ಸ್ವಲ್ಪ ಹೊತ್ತು ಕೂತಿರುತ್ತಿದ್ದೆ. ಅಳುತ್ತಿರಲಿಲ್ಲ. ಆಮೇಲೆ ಎರಡನ್ನು ಒತ್ತಿ ಕೆಲಸಕ್ಕೆ ಹೋಗುತ್ತಿದ್ದೆ. ಎರಡು ವರ್ಷ ಹೀಗೆ. ಯಾರಿಗೂ ಹೇಳಿರಲಿಲ್ಲ.

ಒಂದು ಸೋಮವಾರ ಸೀಟು ಒಂದಿಷ್ಟು ಸರಿದು ನಿಂತಿತು. ಮತ್ತೆ ಒತ್ತಿದೆ. ಮತ್ತೆ ಒಂದಿಷ್ಟು ಸರಿದು ನಿಂತಿತು. ಲ್ಯಾಬಿನಲ್ಲಿ ಕೇಳಿದಾಗ ಹೈವೇ ಪಕ್ಕದ ಈ ಶೆಡ್ಡಿನ ಗುರುತು ಹೇಳಿದರು. ಉದ್ದನಪಲ್ಲಿಯ ಹುಡುಗ, ಕಾರಿನ ಕರೆಂಟ್ ಕೆಲಸವೆಂದರೆ ಅವನೇ ಎಂದರು. ಹುಡುಗನೇನಲ್ಲ. ಮೂವತ್ತನಾಲ್ಕು ದಾಟಿರಬಹುದು, ಕಿವಿಯ ಹತ್ತಿರ ನರೆಯಿತ್ತು.

ಮೊದಲ ಶನಿವಾರ ಅವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಂದಿನ ಪೇಪರ್ ಹಾಸಿ ನನ್ನನ್ನು ಕೂರಿಸಿ, ರೋಗವನ್ನು ನಿಧಾನವಾಗಿ ವಿವರಿಸಿದ. ಸೀಟಿನ ಮೋಟಾರಿನ ಪಕ್ಕದಲ್ಲಿ ಒಂದು ಚಿಕ್ಕ ಸೆನ್ಸರ್ ಇರುತ್ತದಂತೆ. ಮೋಟಾರು ಎಷ್ಟು ಸುತ್ತು ತಿರುಗಿತೆಂದು ಎಣಿಸುವುದಷ್ಟೇ ಅದರ ಕೆಲಸ. ಆ ಎಣಿಕೆಯನ್ನು ಕೆಳಗಿನ ಪೆಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ.

"ಎಣಿಕೆ ಬರ್ಲಿಲ್ಲ ಅಂದ್ರೆ ಸೀಟು ಎಲ್ಲೈತೆ ಅಂತ ಪೆಟ್ಟಿಗೆಗೆ ತಿಳಿಯಲ್ಲ ಮೇಡಂ. ಹೆದರ್ಕೊಂಡು ನಿಂತ್ಬುಡ್ತದೆ."

ಮೋಟಾರು ಓಡುತ್ತಿದೆ, ಸ್ವಿಚ್ಚು ಸರಿಯಿದೆ, ಹಾಗಾದರೆ ಸೆನ್ಸರೇ ಹೋಗಿರಬೇಕೆಂದು ತೀರ್ಮಾನಿಸಿದ. ಬೆಂಗಳೂರಿನಿಂದ ತರಿಸುತ್ತೇನೆ, ಮುಂದಿನ ಶನಿವಾರ ಬನ್ನಿ ಎಂದ. ಕಾರು ಒಂದು ಸುತ್ತು ಓಡಿಸಿ ನೋಡಬೇಕೆಂದಾಗ ನಾನು ಪಕ್ಕದಲ್ಲಿ ಕೂತೆ. ಅವನು ಸೀಟನ್ನು ಹಿಂದಕ್ಕೆ ಸರಿಸದೆ, ನನ್ನ ಅಳತೆಯಲ್ಲೇ ಮೈಮುದುರಿ ತೂರಿಕೊಂಡ. ಸ್ಟೀರಿಂಗಿನ ಎರಡೂ ಕಡೆ ಮೊಣಕಾಲುಗಳು ಮಿಡತೆಯದರಂತೆ ಎದ್ದು ನಿಂತವು.

ಗಿರಾಕಿಯ ಸೀಟು ಸರಿಸಬಾರದೆಂದು ಅವನ ಮೇಸ್ತ್ರಿ ಕಲಿಸಿದ್ದರಂತೆ. ಬೇರೆಯವರ ಚಪ್ಪಲಿ ಮೆಟ್ಟಿದ ಹಾಗಂತೆ. ಹದಿನೈದು ವರ್ಷದಿಂದ ಎಲ್ಲ ಕಾರನ್ನೂ ಹೀಗೇ ಓಡಿಸಿದ್ದಾನಂತೆ.

ನಾನು ಕಿಟಕಿಯ ಕಡೆ ತಿರುಗಿದೆ. ಅವನು ಕನ್ನಡಿಯಲ್ಲಿ ನೋಡಿಬಿಟ್ಟ.

"ನಗಿ ಮೇಡಂ, ಪರವಾಗಿಲ್ಲ. ಎಲ್ರೂ ನಗ್ತಾರೆ."

ಎರಡನೆಯ ಶನಿವಾರ ಹೊಸ ಸೆನ್ಸರ್ ಹಾಕಿದ. ಸೀಟು ಹಾಗೇ ನಿಂತಿತು. ಆಗ ಅವನು ಕರೆಂಟ್ ನೋಡುವ ಮೀಟರಿನ ಎರಡು ಕಡ್ಡಿ ಹಿಡಿದು ವೈರುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದ. ಒಂದು ಕಡೆ ವೈರನ್ನು ಬಗ್ಗಿಸಿದರೆ ಎಣಿಕೆ ಬರುತ್ತಿತ್ತು, ಬಿಟ್ಟರೆ ಇಲ್ಲ. ಮೇಲಿನ ಹೊದಿಕೆ ಚೆನ್ನಾಗಿಯೇ ಇತ್ತು. ಒಳಗಿನ ಎಳೆಗಳು ಹರಿದಿದ್ದವು.

"ತಪ್ಪು ನಂದೇ," ಎಂದ. "ಪಾಪ, ಸೆನ್ಸರ್ ಮೇಲೆ ಅಪವಾದ ಹೊರಿಸ್ಬುಟ್ಟೆ." ಹಳೆಯದನ್ನೇ ಒರೆಸಿ ಮತ್ತೆ ಹಾಕಿದ.

ವೈರು ಬೆಸೆದ. ಎಣಿಕೆ ಕೆಟ್ಟಿರುವುದರಿಂದ ಪೆಟ್ಟಿಗೆಯಲ್ಲಿರುವ ಹಳೆಯ ಲೆಕ್ಕವನ್ನೆಲ್ಲ ಅಳಿಸಬೇಕು, ಒಂದೂ ಹೋಗುತ್ತದೆ, ಎರಡೂ ಹೋಗುತ್ತದೆ, ಅವರವರು ಕೂತು ಹೊಸದಾಗಿ ಹೇಳಿಕೊಡಬೇಕು ಎಂದ. ಆಗಲೇ ಸಾರ್‌ನ ಕರೆದುಕೊಂಡು ಬರಲು ಹೇಳಿದ್ದು. ನಾನು ಲ್ಯಾಬಿನಲ್ಲಿ ತುರ್ತು ಕೆಲಸವಿದೆ, ಅಳಿಸುವುದು ಮುಂದಿನ ವಾರವಾಗಲಿ ಎಂದೆ. ಲ್ಯಾಬಿಗೆ ಅಂದು ರಜೆಯಿತ್ತು.

ಆ ವಾರ ನಾನು ಒಂದನ್ನು ಒತ್ತಲಿಲ್ಲ. ಇನ್ನು ಕೆಲವೇ ದಿನ ಇರುವುದನ್ನು ಮುಟ್ಟಲು ಕೈ ಬರಲಿಲ್ಲ. ಕೆಲಸ, ಮನೆ, ಚಪಾತಿ, ನಿದ್ದೆ. ನಿದ್ದೆಯಿಂದ ಎದ್ದರೂ ದಣಿವು ಆರುತ್ತಿರಲಿಲ್ಲ. ಆದರೆ ಗುರುವಾರ, ನೀರಿನ ಸ್ಯಾಂಪಲ್ ಬಾಟಲಿಗೆ ಚೀಟಿ ಅಂಟಿಸುತ್ತಿದ್ದಾಗ, ಆ ಮೊಣಕಾಲುಗಳು ನೆನಪಾದವು. ನಕ್ಕೆನೆಂದು ಪಕ್ಕದವಳು ಹೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು. ಕೂಡಲೇ ಭಯವಾಯಿತು.

ಮೂರನೆಯ ಶನಿವಾರ ಹೋದಾಗ ಶೆಡ್ಡಿನ ಪಕ್ಕ ಟೀ ಮಾರುವ ಮುನಿವೆಂಕಟಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನನ್ನ ಲೋಟ ಆಗಲೇ ಬೇರೆ ಇತ್ತು, ಸಕ್ಕರೆ ಹಾಕದ್ದು. ಹೇಳಿಟ್ಟವನು ಅವನೇ.

"ಏನ್ಲಾ ಕುಮಾರೇಶ, ಲಾರಿ ಆದ್ರೆ ಒಂದೇ ದಿನಕ್ಕೆ ಕಳಿಸ್ತೀಯ. ಒಂದು ಸೀಟಿಗೆ ಮೂರು ಶನಿವಾರ ಬೇಕೇನ್ಲಾ?"

"ಸೀಟಿನ ಕೆಲಸ ಸೂಕ್ಷ್ಮ ಕಣಮ್ಮೋ."

"ಸೂಕ್ಷ್ಮನೇ," ಎಂದರು ಅವರು. "ನಂಗೂ ಕಾಣ್ತದೆ."

ಅವನ ಕಿವಿ ಕೆಂಪಾಯಿತು. ನನ್ನ ಕಡೆ ನೋಡದೆ ಕಾರಿನೊಳಗೆ ಬಗ್ಗಿದ. ಪರರ ಮನೆಯವಳ ಎದುರು ಹೇಗಿರಬೇಕೋ ಹಾಗೇ ಇದ್ದ. ಎರಡು ಹೆಜ್ಜೆ ದೂರ ನಿಲ್ಲುವುದು, ಕೀಲಿಯನ್ನು ಕೈಗೆ ಕೊಡದೆ ಬಾನೆಟ್ಟಿನ ಮೇಲಿಡುವುದು. ಆ ದೂರವನ್ನು ಕಾಯುತ್ತಿದ್ದದ್ದು ನನ್ನ ಸುಳ್ಳು. ಅದು ನನಗೆ ಅನುಕೂಲವಾಗಿಯೇ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಕರೆದ. ಟಾರ್ಚ್ ಹಿಡಿದು ಸೀಟು ಜಾರುವ ಕಂಬಿ ತೋರಿಸಿದ. ಹಿಂದಿನ ತುದಿಯ ಹತ್ತಿರ ಹಳೆಯ ಗ್ರೀಸು ಒಂದು ಗೆರೆಯಾಗಿ ಗಟ್ಟಿಯಾಗಿತ್ತು. ಅದು ಸಾರ್ ಕೂರುತ್ತಿದ್ದ ಜಾಗವಂತೆ. ಈಗ ಒಂದನ್ನು ಒತ್ತಿದರೆ ಸೀಟು ಅಲ್ಲಿಯವರೆಗೆ ಹೋಗುತ್ತಲೇ ಇಲ್ಲ. ಮುಂದಕ್ಕೆ ಬರುವಾಗಷ್ಟೇ ವೈರು ಬಿಗಿದು ಎಣಿಕೆ ತಪ್ಪುತ್ತಿತ್ತು. ಪ್ರತಿ ಸಲ ಕೂದಲೆಳೆಯಷ್ಟು. ಹಾಗೆ ತಪ್ಪಿ ತಪ್ಪಿ ಎಲ್ಲ ಅಳತೆಯೂ ಮುಂದೆ ಬಂದಿತ್ತು.

"ದಿನಾ ಈ ತುದಿಯಿಂದ ಆ ತುದಿಗೆ ಓಡಾಡಿ ವೈರು ಸವೆದೈತೆ. ಸಾರೂ ನೀವೂ ದಿನಾ ಸರದಿ ಮೇಲೆ ಓಡಿಸ್ತೀರೇನೋ. ನಾಕು ಬೆಳ್ಳು ಮುಂದಕ್ಕೆ ಬಂದೈತೆ ಮೇಡಂ. ಅವರಿಗೆ ಕಾಲು ಇಕ್ಕಟ್ಟಾಗಿರ್ಬೇಕಲ್ಲ. ಏನೂ ಅನ್ಲಿಲ್ವಾ ಅವರು?"

"ಅವರು ಎರಡು ವರ್ಷದಿಂದ ಏನೂ ಅಂದಿಲ್ಲ," ಎಂದೆ.

ಟಾರ್ಚ್ ಅವನ ಕೈಯಲ್ಲಿ ಉರಿಯುತ್ತಲೇ ಇತ್ತು. ನಾನು ಜ್ವರದ ವಿಷಯ ಹೇಳಿದೆ, ಒಂಬತ್ತು ದಿನದ ವಿಷಯ ಹೇಳಿದೆ. ಧ್ವನಿ ಬೇರೆ ಯಾರದೋ ಎಂಬಂತಿತ್ತು.

"ಹಂಗಾದ್ರೆ ದಿನಾ ಒಂದ್ನೇದು ಒತ್ತೋರು?"

"ನಾನೇ."

ಅವನು ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡ. ಒರೆಸಿದ ಬೆರಳನ್ನೇ ಮತ್ತೆ ಒರೆಸಿದ. ನಾನು ಕಂಬಿಯನ್ನು ನೋಡುತ್ತ ನಿಂತೆ. ನಾಲ್ಕು ಬೆರಳು. ಸ್ಟೀರಿಂಗು ಈಚೆಗೆ ಎದೆಗೆ ಹತ್ತಿರವಾದಂತಿತ್ತು, ನನ್ನ ಮೈಯೇ ಕುಗ್ಗಿರಬೇಕೆಂದುಕೊಂಡಿದ್ದೆ. ಅವರ ಜಾಗವೆಂದು ದಿನವೂ ಕೂತು ಬರುತ್ತಿದ್ದದ್ದು ಅವರ ಜಾಗವಾಗಿರಲಿಲ್ಲ. ಎಂದಿನಿಂದಲೋ ಆಗಿರಲಿಲ್ಲ. ನಾನು ಗಮನಿಸಿಯೂ ಇರಲಿಲ್ಲ.

"ಗೆರೆ ಐತಲ್ಲ," ಎಂದ ಅವನು ಕೊನೆಗೆ, ಮೆಲ್ಲಗೆ. "ಅದಕ್ಕೇ ಸರಿಯಾಗಿ ಒಂದ್ನೇದು ಕೂರಿಸ್ಕೊಡ್ತೀನಿ. ನೂಲಿನಷ್ಟೂ ಆಚೀಚೆ ಆಗಲ್ಲ. ಆದ್ರೆ ಈಗ್ಲೇ ಹೇಳ್ಬೇಕು. ಅಳಿಸಿದ್ಮೇಲೆ ಸೀಟನ್ನ ಎರಡು ತುದಿಗೂ ಓಡಿಸ್ಬೇಕು, ಗೆರೆ ಉಳಿಯಲ್ಲ."

ಮುನಿವೆಂಕಟಮ್ಮನ ಸ್ಟವ್ ಹೊಯ್ ಎನ್ನುತ್ತಿತ್ತು. ಹೈವೇಯಲ್ಲಿ ಕೃಷ್ಣಗಿರಿಯ ಕಡೆಗೆ ಲಾರಿಗಳು ಹೋಗುತ್ತಿದ್ದವು. ನಾನು ಬಗ್ಗಿ ಆ ಗೆರೆಯ ಮೇಲೆ ಬೆರಳಿಟ್ಟೆ. ಒಣಗಿದ ಗ್ರೀಸು ಉಗುರಿಗೆ ಗಟ್ಟಿಯಾಗಿ ತಾಗಿತು.

"ಅಳಿಸಿ," ಎಂದೆ.

ಅವನು ಮತ್ತೊಮ್ಮೆ ಕೇಳಲಿಲ್ಲ. ಸ್ವಿಚ್ಚನ್ನು ಹಿಡಿದು ಸೀಟನ್ನು ಕೊನೆಯವರೆಗೆ ಹಿಂದೆ ಕಳಿಸಿದ, ಕೊನೆಯವರೆಗೆ ಮುಂದೆ ತಂದ. ತಡೆಯಿಲ್ಲದ, ಸಣ್ಣ ಗುಂಯ್ ಸದ್ದು. ನಾನು ಪೇಪರ್ ಹಾಸಿದ ಕುರ್ಚಿಯಲ್ಲಿ ಕೂತು ಅತ್ತೆ. ಅವನು ಲೋಟ ತಂದು ಪಕ್ಕದಲ್ಲಿಟ್ಟು, ಬೆನ್ನು ತಿರುಗಿಸಿ, ನನಗೂ ರಸ್ತೆಗೂ ನಡುವೆ ನಿಂತ. ಟೀ ಆರುವವರೆಗೂ ಅಲ್ಲೇ ನಿಂತಿದ್ದ.

ಆಮೇಲೆ ನಾನು ಕೂತು ಎರಡನ್ನು ಒತ್ತಿ ಹಿಡಿದು ಪೆಟ್ಟಿಗೆಗೆ ನನ್ನ ಅಳತೆ ಹೇಳಿಕೊಟ್ಟೆ. ಸ್ಟೀರಿಂಗು ದೂರವಾಯಿತು. ಉಸಿರಾಡಲು ಜಾಗ ಸಿಕ್ಕಿತು.

ಒಂದು ಸುತ್ತು ಓಡಿಸಿ ನೋಡಬೇಕೆಂದ. ಎಂದಿನಂತೆ ನನ್ನ ಅಳತೆಯಲ್ಲೇ ತೂರಿಕೊಂಡ. ಮೊಣಕಾಲುಗಳು ಎದ್ದು ನಿಂತವು. ಕೀಲಿ ತಿರುಗಿಸುವಾಗ ನನ್ನ ಕಡೆ ಒಮ್ಮೆ ನೋಡಿದ, ನಗುತ್ತೇನೋ ಎಂದು. ನಾನು ನಗಲಿಲ್ಲ.

"ಸೀಟು ಹಿಂದಕ್ಕೆ ತಗೊಳ್ಳಿ ಕುಮಾರೇಶ್."

ಕೀಲಿಯ ಮೇಲಿನ ಕೈ ನಿಂತಿತು. "ಗಿರಾಕಿ ಸೀಟು..."

"ಗಿರಾಕಿನೇ ಹೇಳ್ತಿರೋದು."

"ಎಷ್ಟು?"

"ನಿಮಗೆ ಎಷ್ಟು ಬೇಕೋ ಅಷ್ಟು."

ಅವನು ಸ್ವಿಚ್ಚು ಹಿಡಿದ. ಸೀಟು ನಿಧಾನವಾಗಿ ಹಿಂದೆ ಸರಿಯಿತು, ಅನಿರುದ್ಧರಷ್ಟು ಹಿಂದಕ್ಕಲ್ಲ, ಬೇರೆಯದೇ ಒಂದು ಜಾಗಕ್ಕೆ. ಕಾಲು ಚಾಚಿ ಕೂತ ಅವನು ಯಾರೋ ಹೊಸಬನಂತೆ ಕಂಡ, ಸಂಕೋಚದಿಂದ ಕೈಯನ್ನು ಎಲ್ಲಿಡುವುದೆಂದು ತಿಳಿಯದವನಂತೆ.

ನಾನು ಅವನಾಚೆಗೆ ಕೈ ಚಾಚಿದೆ. ನನ್ನ ತೋಳು ಅವನ ಅಂಗಿಗೆ ತಾಗಿತು. ಅವನು ಉಸಿರು ಹಿಡಿದುಕೊಂಡ. ಒಂದನ್ನು ದಾಟಿ, ಎರಡನ್ನು ದಾಟಿ, ಮೂರನೆಯ ಬಟನ್ನನ್ನು ಒತ್ತಿ ಹಿಡಿದೆ, ನೆನಪಿಟ್ಟುಕೊಂಡೆನೆಂದು ಪೆಟ್ಟಿಗೆ ಬೀಪ್ ಅನ್ನುವವರೆಗೆ.